ಶಂಕರಿ ಟೀಚರ ಕರಿಮಣಿ

ಗುಡ್ಡೆ ಶಾಲೆಯ ಶಂಕರಿ ಟೀಚರ ತರಗತಿಯಲ್ಲಿ ‘ಗೊತ್ತಿಲ್ಲ’ ಎಂಬ ಮಾತಿಗೆ ಪ್ರವೇಶವೇ ಇರಲಿಲ್ಲ. ಉತ್ತರ ತಪ್ಪಾಗಲಿ, ಅರ್ಧವಾಗಲಿ, ತಲೆಬುಡವಿಲ್ಲದ್ದಾಗಲಿ, ಏನಾದರೊಂದು ಹೇಳಲೇಬೇಕು. ಬಾಯಿ ಮುಚ್ಚಿ ನಿಂತ ಮಗುವನ್ನು ಕಂಡರೆ ಟೀಚರ ಪಿತ್ತ ನೆತ್ತಿಗೇರುತ್ತಿತ್ತು. “ಬಾಯಲ್ಲಿ ಎಂತ ಅವಲಕ್ಕಿ ತುಂಬಿಸಿಟ್ಟಿದ್ದೀಯಾ? ಹೇಳು ಮಾರಾಯ!” ಎಂದು ಅವರು ಗದರಿದರೆ ಪಕ್ಕದ ಅಂಗನವಾಡಿಯ ಮಕ್ಕಳೂ ಬೆಚ್ಚಿ ಒಂದು ಉತ್ತರ ಹೇಳಿಬಿಡುತ್ತಿದ್ದರು.

ಇದಕ್ಕೊಂದು ಹಿನ್ನೆಲೆ ಇದೆ. ಟೀಚರ್ ಹೊಸದಾಗಿ ಕೆಲಸಕ್ಕೆ ಸೇರಿದ್ದು ಸುಳ್ಯದ ಕಡೆಯ ಒಂದು ಶಾಲೆಗೆ. ಅಲ್ಲಿಗೆ ಬಂದ ಇನ್ಸ್‌ಪೆಕ್ಟರರು ರಾಜ್ಯದ ಪಕ್ಷಿ ಯಾವುದೆಂದು ಕೇಳಿದರು. ಇಡೀ ತರಗತಿ ನೆಲ ನೋಡಿತು. “ಮಕ್ಕಳಿಗೆ ಬಾಯಿಲ್ಲ, ಟೀಚರಿಗೆ ಕೆಲಸವಿಲ್ಲ” ಎಂದರು ಆ ಪುಣ್ಯಾತ್ಮ, ಅದೂ ಮಕ್ಕಳ ಎದುರಿಗೇ. ಹಳೆಯ ಬೆಂಚು ತುಂಬಿಸಿಟ್ಟ ಕೋಣೆಗೆ ಹೋಗಿ ಅತ್ತ ಶಂಕರಿ, ಮುಖ ತೊಳೆದು ಬರುವಷ್ಟರಲ್ಲಿ ಬೇರೆ ಹೆಂಗಸಾಗಿದ್ದರು. ಆಮೇಲೆ ಯಾವ ಅಧಿಕಾರಿಯೂ ಅವರ ಮಕ್ಕಳನ್ನು ಸುಮ್ಮನೆ ನಿಲ್ಲಿಸಿದ್ದಿಲ್ಲ.

ಹೇಗೆಂದರೆ, ಬಂದವರು ಮಕ್ಕಳಿಗೆ ಮುಖ ಮಾಡಿ ಕೂರುತ್ತಾರೆ. ಟೀಚರ್ ಗೌರವದಿಂದ ಅವರ ಬೆನ್ನ ಹಿಂದೆ ನಿಲ್ಲುತ್ತಾರೆ. ಅವರ ಕೈ ಬಳೆಗೆ ಹೋದರೆ ಮಕ್ಕಳು ‘ಹೌದು’ ಎನ್ನಬೇಕು. ಕತ್ತಿನ ಕರಿಮಣಿಗೆ ಹೋದರೆ ‘ಇಲ್ಲ’. ಸಂಖ್ಯೆ ಬೇಕಾದರೆ ಸೀರೆಯ ನೆರಿಗೆಯ ಮೇಲೆ ಬೆರಳು ಎಣಿಸಬಹುದು. ಬಂದವರು ಪ್ರಶ್ನೆ ಕೇಳಿ, ಉತ್ತರಕ್ಕೆ ತಲೆದೂಗಿ, ಚಾ ಕುಡಿದು ಹೋಗುತ್ತಿದ್ದರು. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ಈಗ ನಿವೃತ್ತರಾಗಿ ಸವಣೂರಿನ ಮನೆಯಲ್ಲಿರುವ ಗಂಡ ತಿರುಮಲೇಶ್ವರರು ಆಗಾಗ ಕೆಣಕುವುದುಂಟು: “ನಿನ್ನ ಮಕ್ಕಳಿಗೆ ಪುಸ್ತಕ ಯಾಕೆ ಮಾರಾಯ್ತಿ? ನಿನ್ನ ಬಳೆ ಒಂದು ಇದ್ರೆ ಸಾಲದಾ?”

“ನೀವು ಸುಮ್ಮನಿರಿ. ಶಾಲೆ ನಡೆಸುದು ಅಂದ್ರೆ ಟಿಕೇಟು ಹರಿದು ಕೊಟ್ಟ ಹಾಗೆ ಅಲ್ಲ” ಎನ್ನುತ್ತಿದ್ದರು ಟೀಚರ್.

ಹಾಗೆಂದು ಅವರು ಕಳ್ಳ ಟೀಚರೆಂದು ತಿಳಿಯಬೇಡಿ. ಪಾಠ ಮಾಡುವುದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ತಲೆ ಬಾಚದೆ ಬಂದ ಹುಡುಗಿಯರಿಗೆ ಜಡೆ ಹಾಕಿಯೇ ಹಾಜರಿ ಕರೆಯುತ್ತಿದ್ದರು. ಪೆರಾಬೆಯಿಂದ ಸವಣೂರಿನ ಕಡೆ ಬರುವಾಗ ಒಂದು ಏರು ಹತ್ತಿದರೆ ಸಿಗುವ ಆ ಶಾಲೆಯಲ್ಲಿ ಈಗ ಮುಖ್ಯ ಶಿಕ್ಷಕರ ಪ್ರಭಾರವೂ ಅವರದ್ದೇ. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂನ ಹಳದಿ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರ್ನ್ ಹಾಕಿದರೆ ಟೀಚರ್ ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದರು. ಇನ್ನೂ ಕೆಲವು ಮಕ್ಕಳು ಹೋದರೆ ಶಾಲೆಗೆ ಬೀಗವೇ.

ದೀಪಾವಳಿ ಕಳೆದ ಮೇಲೆ ಸುಳ್ಯದಿಂದ ಚಿನ್ಮಯೀ ಎಂಬ ಹಲ್ಲಿನ ಡಾಕ್ಟರು ಫೋನು ಮಾಡಿದರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಶಾಲೆಗಳಲ್ಲಿ ಒಂದು ಸಮೀಕ್ಷೆ ಮಾಡುವುದಿತ್ತು. ಎಷ್ಟು ಹಲ್ಲು ಹುಳುಕಾಗಿದೆ ಎಂದು ಎಣಿಸಿದರೆ ಮುಗಿಯುವುದಿಲ್ಲ, ಬಾಯಿಯ ತೊಂದರೆಯಿಂದ ಮಗುವಿನ ದಿನನಿತ್ಯದ ಬದುಕು ಎಷ್ಟು ಕೆಟ್ಟಿದೆ ಎಂದು ಅಳೆಯಬೇಕು ಎಂದರು ಆಕೆ.

“ಅಳೆಯುದು ಹೇಗೆ ಡಾಕ್ಟ್ರೇ? ಸ್ಕೇಲಿನಲ್ಲಾ?”

ಚಿನ್ಮಯೀ ನಕ್ಕರು. “ಪ್ರಶ್ನೆ ಕೇಳಿ ಟೀಚರ್. ಮಕ್ಕಳೇ ಹೇಳ್ಬೇಕು. ಮನೆಯವರ ಒಪ್ಪಿಗೆ ಬೇಕಲ್ಲ, ಪ್ರಶ್ನೆಗಳನ್ನು ವಾಟ್ಸಾಪ್ ಮಾಡ್ತೇನೆ.”

ಪ್ರಶ್ನೆಗಳು ಬಂದವು. ಕಳೆದ ಮೂರು ತಿಂಗಳಲ್ಲಿ ಹಲ್ಲು ನೋವಾಗಿದೆಯೇ? ಗಟ್ಟಿ ತಿಂಡಿ ಜಗಿಯಲು ಕಷ್ಟವಾಗಿದೆಯೇ? ನೋವಿನಿಂದ ನಿದ್ದೆ ಕೆಟ್ಟಿದೆಯೇ? ಇತರರ ಎದುರು ನಗಲು ನಾಚಿಕೆಯಾಗಿದೆಯೇ? ಒಮ್ಮೆಯೂ ಇಲ್ಲ, ಒಂದೆರಡು ಸಲ, ಆಗಾಗ, ಪ್ರತಿದಿನ ಎಂದು ಉತ್ತರಗಳೂ ಸಿದ್ಧವಾಗಿದ್ದವು. ಓದುತ್ತಾ ಓದುತ್ತಾ ಟೀಚರಿಗೆ ಬೆವರಿತು. ಇವರು ಬರೆದುಕೊಂಡು ಹೋಗುತ್ತಾರೆ. ನಾಳೆ ಪೇಪರಿನಲ್ಲಿ ಬರುತ್ತದೆ, ಇಂಥ ಶಾಲೆಯ ಮಕ್ಕಳ ಬಾಯಿ ಕೊಳೆತಿದೆ ಎಂದು. ಹಳದಿ ಬಸ್ಸಿನವರಿಗೆ ಇನ್ನೇನು ಬೇಕು? ಬಿಟ್ಟಿ ಜಾಹೀರಾತು. ಇದೂ ಒಂದು ಇನ್ಸ್‌ಪೆಕ್ಷನ್ನೇ ಎಂದು ಟೀಚರ್ ತೀರ್ಮಾನಿಸಿಬಿಟ್ಟರು. ತಪ್ಪಿದ್ದು ಅಲ್ಲೇ.

ಸೋಮವಾರದಿಂದ ತಾಲೀಮು ಸುರುವಾಯಿತು. “ಎಂತ ಕೇಳಿದ್ರೂ ‘ಒಮ್ಮೆಯೂ ಇಲ್ಲ ಡಾಕ್ಟ್ರೇ’. ಎಲ್ಲಿ, ಒಟ್ಟಿಗೆ!” ಮಕ್ಕಳು ಮಾಡಿನ ಹಂಚು ಹಾರುವಂತೆ ಹೇಳಿದರು. ಎಲ್ಲರೂ ಒಂದೇ ಉತ್ತರ ಹೇಳಿದರೆ ಸಂಶಯ ಬರುತ್ತದಲ್ಲ, ಅದಕ್ಕೆ ಗಟ್ಟಿಮುಟ್ಟಾಗಿದ್ದ ಇಬ್ಬರು ಹುಡುಗರಿಗೆ ‘ಒಂದೆರಡು ಸಲ’ ಎನ್ನಲು ಕಲಿಸಿದರು. ಆ ಇಬ್ಬರು ಅಂದಿನಿಂದಲೇ ಕೆನ್ನೆಗೆ ಕೈಕೊಟ್ಟು ನಾಟಕ ಮಾಡತೊಡಗಿದರು.

ಐದನೆಯ ತರಗತಿಯ ಆಯಿಶತ್ ಶಿಫಾ ಕೈ ಎತ್ತಿದಳು. ಟೀಚರ ಕಣ್ಣಿನ ಗೊಂಬೆ ಅವಳು. ಬಳೆಯ ಮೇಲೆ ಕೈ ಬೀಳುವ ಮೊದಲೇ ಉತ್ತರ ಕೊಡುವಷ್ಟು ಚುರುಕು. “ಟೀಚರ್, ನಿಜವಾಗಿ ನೋವು ಇದ್ರೆ?”

“ಇದ್ರೆ ನನ್ನ ಹತ್ತಿರ ಹೇಳು. ಹೊರಗಿನವರ ಹತ್ತಿರ ಯಾಕೆ ನಮ್ಮ ಮನೆ ಸುದ್ದಿ?”

ಮರುದಿನ ಊಟ ಮುಗಿದ ಮೇಲೆ ಶಿಫಾ ಟೀಚರ ಮೇಜಿನ ಹತ್ತಿರ ಬಂದು ನಿಂತಳು. ತಲೆಯ ಶಾಲನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. ಟೀಚರ್ ಫೋನಿನಲ್ಲಿ ಮೊಟ್ಟೆ ಪೂರೈಸುವವನ ಜೊತೆ ಜಗಳಕ್ಕೆ ಬಿದ್ದಿದ್ದರು. “ನಾಳೆ ಹೇಳು ಮಗಾ, ಈಗ ತಲೆ ತಿನ್ಬೇಡ” ಎಂದರು. ಹುಡುಗಿ ಸ್ವಲ್ಪ ಹೊತ್ತು ನಿಂತು ಹೋದಳು. ನಾಳೆ ಬಂತು. ಟೀಚರಿಗೆ ಅದು ನೆನಪೇ ಆಗಲಿಲ್ಲ.

ಬುಧವಾರ ಚಿನ್ಮಯೀ ಬಂದರು. ಮಕ್ಕಳು ಸಲೀಸಾಗಿ ಮಾತಾಡಲೆಂದು ಟೀಚರನ್ನು ಒಳಗೆ ಕೂರಲು ಹೇಳಿ, ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸಿದರು. ಗಾಳಿಗೆ ಕಾಗದ ಹಾರದಿರಲೆಂದು ತಾವು ಕಿಟಕಿಗೆ ಬೆನ್ನು ಹಾಕಿ ಕುಳಿತರು. ಎದುರು ಕುಳಿತ ಮಗುವಿಗೆ ಡಾಕ್ಟರ ತಲೆಯ ಮೇಲಿಂದ ಕಿಟಕಿ ನೇರ ಕಾಣುತ್ತಿತ್ತು. ಕಿಟಕಿಯಲ್ಲಿ ಯಾರು ನಿಂತಿದ್ದರೆಂದು ಬೇರೆ ಹೇಳಬೇಕೇ?

ಶಿಫಾಳ ಸರದಿ ಬಂದಾಗ ಟೀಚರ ಬೆರಳು ಕರಿಮಣಿ ಬಿಟ್ಟು ಅಲ್ಲಾಡಲಿಲ್ಲ.

“ಹಲ್ಲು ನೋವು?”

“ಒಮ್ಮೆಯೂ ಇಲ್ಲ ಡಾಕ್ಟ್ರೇ.”

“ಜಗಿಲಿಕ್ಕೆ ಕಷ್ಟ?”

“ಒಮ್ಮೆಯೂ ಇಲ್ಲ ಡಾಕ್ಟ್ರೇ.” ಸ್ವರ ತುಸು ಮೂಗಿನಿಂದ ಬಂತು. ಶೀತವಾಗಿರಬೇಕು ಎಂದುಕೊಂಡರು ಟೀಚರ್.

ಎಲ್ಲ ಮುಗಿದ ಮೇಲೆ ಚಿನ್ಮಯೀ ಕಾಗದ ತಿರುವಿ ಹುಬ್ಬೇರಿಸಿದರು. “ನಿಮ್ಮ ಬಾವಿ ನೀರಿನಲ್ಲಿ ಎಂತ ಉಂಟು ಟೀಚರ್? ಇಷ್ಟು ಕಡೆ ಹೋದೆ, ಹೀಗೆ ಎಲ್ಲಿಯೂ ಇಲ್ಲ. ಇರ್ಲಿ, ನೋವು ಹೇಳಿದವರ ಬಾಯಿ ಇವತ್ತೇ ನೋಡ್ತೇನೆ. ಉಳಿದವರದ್ದು ಮುಂದಿನ ವಾರ.” ನಾಟಕದ ಹುಡುಗರಿಬ್ಬರು ಬಾಯಿ ತೆರೆದು ತೋರಿಸಿದರು. ಕಲ್ಲು ಅಗಿಯುವಂಥ ಹಲ್ಲುಗಳು. ಬ್ರಷ್ಷು, ಪೇಸ್ಟು ಸಿಕ್ಕಿದ ಖುಷಿಯಲ್ಲಿ ಅವರು ಕುಣಿದರು. ಅಂದು ಸಂಜೆ ಟೀಚರ್ ಮನೆಯಲ್ಲಿ ಪಾಯಸ ಮಾಡಿದರು.

ಶನಿವಾರ ಶಿಫಾ ಶಾಲೆಗೆ ಬಂದಿರಲಿಲ್ಲ. ಮಧ್ಯಾಹ್ನ ಮಕ್ಕಳನ್ನು ಬಿಡುವ ಹೊತ್ತಿಗೆ ಅವಳ ಮಾಮ ಹಕೀಮನ ಪಿಕಪ್ ಗೇಟಿನ ಎದುರು ಬಂದು ಗಕ್ಕನೆ ನಿಂತಿತು. ಎದುರಿನ ಸೀಟಿನಿಂದ ಶಿಫಾಳ ತಾಯಿ ನೆಬೀಸ ಹೆಚ್ಚುಕಡಿಮೆ ಬಿದ್ದೇ ಇಳಿದಳು. ಗಂಡ ವಿದೇಶದಲ್ಲಿ, ದಮಾಮಿನಲ್ಲಿ ದುಡಿಯುತ್ತಿದ್ದ, ಮನೆಯಲ್ಲಿ ಅವಳದ್ದೇ ಯಜಮಾನಿಕೆ. ಎಂಥದ್ದಕ್ಕೂ ಜಗ್ಗದ ಹೆಂಗಸು ಈಗ ಟೀಚರ ಕೈ ಹಿಡಿದು ಎಳೆದಳು.

“ಟೀಚರ್, ಒಮ್ಮೆ ಬನ್ನಿ. ಪುತ್ತೂರಿಗೆ ಕರ್ಕೊಂಡು ಹೋಗುದು. ನಾನು ಕೇಳಿದ್ರೆ ಎಂತದೂ ಹೇಳುದಿಲ್ಲ ಅವಳು. ನೀವು ಹೇಳಿದ್ರೆ ಮಾತ್ರ ಕೇಳುದು.”

ಟೀಚರ್ ಪಿಕಪ್ಪಿನೊಳಗೆ ನೋಡಿದರು. ಮಗುವಿನ ದವಡೆಯ ಕೆಳಗೆ ಕತ್ತಿನವರೆಗೂ ಊದಿ ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಜೊಲ್ಲು ನುಂಗಲಾಗದೆ ಟವೆಲು ಹಿಡಿದು, ಗಲ್ಲ ಮುಂದೆ ಚಾಚಿ, ನೆಟ್ಟಗೆ ಕೂತಿದ್ದಳು. ಟೀಚರ್ ಚಪ್ಪಲಿ ಹಾಕುವುದನ್ನೂ ಮರೆತು ಹತ್ತಿದರು.

ಪಿಕಪ್ ತಿರುವುಗಳಲ್ಲಿ ಓಡಿತು. “ಹಲ್ಲಿನಲ್ಲಿ ಒಂದು ತೂತು ಇತ್ತು ಟೀಚರ್. ಹಾಲು ಹಲ್ಲಲ್ವಾ, ಬಿದ್ದು ಹೋಗ್ತದೆ ಅಂತ ನಾನು ಲವಂಗ ಇಟ್ಟೆ, ನೋವಿನ ಮಾತ್ರೆ ಕೊಟ್ಟೆ. ಆಮೇಲೆ ನೋವಿಲ್ಲ ಅಂತಲೇ ಹೇಳಿದ್ಲು. ಕೆನ್ನೆ ನಿನ್ನೆ ಸ್ವಲ್ಪ ದಪ್ಪ ಇತ್ತು. ಬೆಳಿಗ್ಗೆ ನೋಡಿದ್ರೆ ಹೀಗೆ! ಯಾ ಅಲ್ಲಾಹ್...” ನೆಬೀಸ ಮಗಳ ಬೆನ್ನು ಸವರುತ್ತಲೇ ಇದ್ದಳು. ಅದು ಹಾಲು ಹಲ್ಲಲ್ಲ, ಆರನೆಯ ವಯಸ್ಸಿಗೆ ದವಡೆಯ ಹಿಂಬದಿಯಲ್ಲಿ ಮೆಲ್ಲಗೆ ಹುಟ್ಟಿ ಕೊನೆಯವರೆಗೆ ಇರಬೇಕಾದ ಹಲ್ಲು ಎಂದು ಆಮೇಲೆ ಗೊತ್ತಾಯಿತು. ಮಂಗಳವಾರ ಮೇಜಿನ ಹತ್ತಿರ ನಿಂತಿದ್ದ ಹುಡುಗಿ ಟೀಚರ ಕಣ್ಣಿಗೆ ಕಟ್ಟಿದ್ದಳು. ದೇವರೇ, ಮೊಟ್ಟೆಯವನ ಹತ್ತಿರ ಜಗಳವಾಡಲು ಪುರುಸೊತ್ತಿತ್ತು ನನಗೆ.

ಪುತ್ತೂರಿನ ದರ್ಬೆಯ ಆಸ್ಪತ್ರೆಯಲ್ಲಿ ಅವರನ್ನು ನೇರ ಒಳಗೆ ಕರೆದರು. ಡಾಕ್ಟರ ಹೆಸರು ವಿಷ್ಣುಪ್ರಸಾದ್. ಮುಖ, ದವಡೆಯ ಆಪರೇಷನ್ ಮಾಡುವವರು. ಮಾತು ಕಡಿಮೆ, ಕೈ ಚುರುಕು. ಕತ್ತು ಮುಟ್ಟಿ ನೋಡಿದರು, ಟಾರ್ಚು ಹಾಕಿದರು, ಬಾಯಿಯೊಳಗೆ ಏನೂ ಕಾಣಲಿಲ್ಲ.

“ಯಾವಾಗಿನಿಂದ?”

“ಇವತ್ತು ಬೆಳಿಗ್ಗೆ ಡಾಕ್ಟ್ರೇ” ಎಂದಳು ನೆಬೀಸ.

ಡಾಕ್ಟರು ಮಗುವಿನ ಎದುರು ಸ್ಟೂಲು ಎಳೆದು ಕುಳಿತರು. “ನೋಡು ಪುಟ್ಟಿ, ಬಾಯಿ ಬಿಡುದು ಬೇಡ, ತಲೆ ಅಲ್ಲಾಡಿಸು ಸಾಕು. ಕೀವು ಎಷ್ಟು ಕೆಳಗೆ ಹೋಗಿದೆ ಅಂತ ಸ್ಕ್ಯಾನು ಮಾಡ್ಬೇಕು, ಅದಕ್ಕೆ ನೀನು ಅಂಗಾತ ಮಲಗ್ಬೇಕು. ಮಲಗಿದ್ರೆ ಉಸಿರು ಕಟ್ಟಿದ ಹಾಗೆ ಆಗ್ತದಾ?”

ಶಿಫಾ ಡಾಕ್ಟರ ತಲೆಯ ಮೇಲಿಂದ ನೋಡಿದಳು. ಇಲ್ಲ ಎಂದು ತಲೆಯಾಡಿಸಿದಳು.

“ಸರಿ ನೆನಪು ಮಾಡು. ರಾತ್ರಿ ಮಲಗಿದ್ದೀಯಲ್ಲ? ನಿದ್ದೆ ಬಂತಾ? ಎದ್ದು ಕೂರ್ಬೇಕು ಅಂತ ಆಗ್ಲಿಲ್ವಾ?”

ಮತ್ತೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಮತ್ತೆ ಇಲ್ಲ.

“ನುಂಗ್ಲಿಕ್ಕೆ ತೊಂದರೆ?”

ಇಲ್ಲ. ಗಲ್ಲದಿಂದ ಜೊಲ್ಲು ಟವೆಲಿಗೆ ಇಳಿಯುತ್ತಿತ್ತು, ಆದರೂ ಇಲ್ಲ. ಡಾಕ್ಟರ ಮುಖದಲ್ಲಿ ಗೊಂದಲ ಕಂಡಿತು. ನೋವಿಗೆ ಮಂಕಾಗಿದ್ದಾಳೋ ಏನೋ ಎಂದುಕೊಂಡು ಎದ್ದರು. “ಸಿಸ್ಟರ್, ಉಸಿರಿಗೆ ತೊಂದರೆ ಇಲ್ಲ ಅಂತಾಳೆ. ಮೆಲ್ಲ ಮಲಗಿಸಿ, ಬೇಗ ಸ್ಕ್ಯಾನಿಗೆ ತಕೊಂಡು ಹೋಗುವ. ತಡ ಮಾಡುದು ಬೇಡ.”

ಸಿಸ್ಟರ್ ಮಗುವಿನ ಬೆನ್ನ ಹಿಂದೆ ಕೈ ಕೊಟ್ಟರು. ಶಿಫಾಳ ಬೆರಳುಗಳು ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದವು. ಕಣ್ಣು ಮಾತ್ರ ಅಲ್ಲಿಯೇ ನಟ್ಟಿತ್ತು, ಟೀಚರ ಕತ್ತಿನ ಮೇಲೆ. ಏನು ನೋಡುತ್ತಾಳೆ ಇವಳು ಎಂದು ಟೀಚರ್ ತಲೆ ತಗ್ಗಿಸಿದರು. ಅವರ ಬಲಗೈ ಕರಿಮಣಿಯನ್ನು ಬಿಗಿಯಾಗಿ ಹಿಡಿದಿತ್ತು. ಪಿಕಪ್ ಹತ್ತಿದಾಗ ಹೆದರಿ ಹಿಡಿದದ್ದು, ಆಮೇಲೆ ಬಿಟ್ಟೇ ಇರಲಿಲ್ಲ.

“ಮಲಗಿಸ್ಬೇಡಿ!” ಟೀಚರ ಕೂಗಿಗೆ ಹೊರಗಿದ್ದ ಹಕೀಮನೂ ಬಾಗಿಲಿಗೆ ಬಂದ. “ಡಾಕ್ಟ್ರೇ, ಮಲಗಿಸ್ಬೇಡಿ. ಅವಳು ಹೇಳಿದ್ದು ಯಾವುದೂ ಅವಳ ಉತ್ತರ ಅಲ್ಲ. ನನ್ನದು. ಇದು ಹಿಡಿದ್ರೆ ಇಲ್ಲ ಅಂತ ಹೇಳ್ಲಿಕ್ಕೆ ನಾನೇ ಕಲಿಸಿದ್ದು.”

ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಡಾಕ್ಟರು ಮಾತ್ರ ಸಿಸ್ಟರ ಕೈಯನ್ನು ತಡೆದರು. “ಹಾಗಾದ್ರೆ ನೀವು ಹೊರಗೆ ಹೋಗಿ.”

ಟೀಚರ್ ಹೊರಟರು. ಮಗು ಗಂಟಲಿನಿಂದ ಏನೋ ಸ್ವರ ಹೊರಡಿಸಿ, ಟವೆಲು ಬಿಟ್ಟು ಅವರ ಸೆರಗು ಹಿಡಿಯಿತು. ಅಳು ಬಂದರೆ ಇನ್ನೂ ಉಸಿರು ಕಟ್ಟುತ್ತದೆ. ಟೀಚರ್ ನಿಂತರು. ಸೆರಗಿನ ತುದಿಯನ್ನು ಅವಳ ಕೈಯಲ್ಲೇ ಬಿಟ್ಟು, ಗೋಡೆಯ ಕಡೆಗೆ ತಿರುಗಿದರು. ಎರಡೂ ಕೈಯನ್ನು ಮುಂದೆ, ಅವಳಿಗೆ ಕಾಣದ ಹಾಗೆ, ಒಂದಕ್ಕೊಂದು ಹೆಣೆದು ಹಿಡಿದರು.

“ಶಿಫಾ, ನಾನು ಇಲ್ಲೇ ಇದ್ದೇನೆ. ಆದ್ರೆ ಉತ್ತರ ನನ್ನ ಹತ್ತಿರ ಇಲ್ಲ. ಡಾಕ್ಟ್ರು ಕೇಳ್ತಾರೆ. ನಿನಗೆ ಹೇಗೆ ಆಗ್ತದೋ ಹಾಗೆ ಹೇಳು. ನಾನು ಬೈಯುದಿಲ್ಲ. ಆಣೆ.”

ಗೋಡೆಯಲ್ಲಿ ಬಿಳಿ ಟೈಲ್ಸು. ಒಂದಕ್ಕೆ ಮೂಲೆ ಒಡೆದಿತ್ತು. ಟೀಚರಿಗೆ ಅದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಡಾಕ್ಟರ ಸ್ವರ ಮಾತ್ರ ಬಂತು.

“ಮಲಗಿದ್ರೆ ಉಸಿರು ಕಟ್ತದಾ?”

ಶಿಫಾ ತಲೆಯಾಡಿಸಿರಬೇಕು. ಉತ್ತರ ಏನೆಂದು ಟೀಚರಿಗೆ ಗೊತ್ತಾಗಲಿಲ್ಲ. ತಿರುಗಿ ನೋಡಬೇಕೆಂದು ಜೀವ ಹಾತೊರೆಯಿತು. ನೋಡಲಿಲ್ಲ.

“ನಿನ್ನೆ ರಾತ್ರಿಯೂ?” ಸ್ವಲ್ಪ ತಡೆದು, “ಮೊನ್ನೆಯೂ?” ಡಾಕ್ಟರ ದನಿ ಬದಲಾಯಿತು. “ಮತ್ತೆ ಹೇಗೆ ಮಲಗಿದ್ದು? ಕೂತುಕೊಂಡಾ? ಗೋಡೆಗೆ ಒರಗಿ?”

“ಅಯ್ಯೋ ಮೋಳೇ, ನನ್ನ ಮಗಳೇ! ರಾತ್ರಿ ಕೂತು ಓದುದು ಅಂತ ಹೇಳಿದ್ದಲ್ವಾ ನೀನು...” ಎಂದು ನೆಬೀಸ ಬಾಯಿ ಬಡಿದುಕೊಂಡಳು.

“ನೀರು ಯಾವಾಗ ಕುಡಿದದ್ದು? ಬೆಳಿಗ್ಗೆ? ಇಲ್ವಾ? ನಿನ್ನೆ?” ಆಮೇಲೆ ಎಲ್ಲ ಒಟ್ಟಿಗೆ ನಡೆಯಿತು. “ಸಿಸ್ಟರ್, ಬೆಡ್ಡಿನ ತಲೆ ಪೂರ್ತಿ ಎತ್ತಿ, ಆಕ್ಸಿಜನ್ ಹಾಕಿ. ಸ್ಕ್ಯಾನು ಬೇಡ. ಅನಸ್ತೇಶಿಯಾದವರನ್ನು ಈಗಲೇ ಕರೆಯಿರಿ. ಆಪರೇಷನ್ ಕೂತಲ್ಲಿಯೇ ಮಾಡ್ಬೇಕು.” ಗಾಲಿಗಳ ಸದ್ದಾಯಿತು. ಟೀಚರ ಸೆರಗು ಒಮ್ಮೆ ಬಿಗಿಯಾಗಿ, ಮತ್ತೆ ಸಡಿಲಾಯಿತು. ಬಾಗಿಲು ಮುಚ್ಚಿದ ಮೇಲೂ ಅವರು ಗೋಡೆಗೇ ಮುಖ ಮಾಡಿ ನಿಂತಿದ್ದರು.

ಹೊರಗಿನ ಬೆಂಚಿನಲ್ಲಿ ನೆಬೀಸ ತುಟಿ ಅಲ್ಲಾಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕುಳಿತ ಟೀಚರ್ ಎಲ್ಲವನ್ನೂ ಹೇಳಿದರು. ತಾಲೀಮು, ಕಿಟಕಿ, ನೋವು ಹೇಳಿದ್ದರೆ ಬುಧವಾರವೇ ಅವಳ ಬಾಯಿ ನೋಡುತ್ತಿದ್ದರು ಎಂಬುದು, ಯಾವುದನ್ನೂ ಬಿಡಲಿಲ್ಲ. ನೆಬೀಸ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಈಗ ಎಂತ ಹೇಳ್ಬೇಡಿ ಟೀಚರ್” ಎಂದಳು, ಸ್ವಲ್ಪ ಆಚೆ ಸರಿದು ಕುಳಿತಳು.

ಸಂಜೆಯ ಬಿಸಿಲು ಬೆಂಚಿನವರೆಗೆ ಬರುವ ಹೊತ್ತಿಗೆ ಡಾಕ್ಟರು ಹೊರಬಂದರು. ಕೀವು ತೆಗೆದಾಗಿತ್ತು, ಉಸಿರು ಸರಿ ಇತ್ತು. “ಅಂಗಾತ ಮಲಗಿಸಿದ್ರೆ ಅಲ್ಲಿಯೇ ಉಸಿರು ನಿಲ್ತಿತ್ತು” ಎಂದು ನೆಬೀಸಳಿಗೆ ಹೇಳಿ, ಟೀಚರ ಬರಿಗಾಲನ್ನು ಒಮ್ಮೆ ನೋಡಿ ಒಳಗೆ ಹೋದರು. ನೆಬೀಸ ಬಿಕ್ಕಿ ಬಿಕ್ಕಿ ಅತ್ತಳು. ಟೀಚರೂ ಅತ್ತರು, ಬೆಂಚಿನ ಈ ತುದಿಯಲ್ಲಿ.

ಭಾನುವಾರ ಬೆಳಿಗ್ಗೆಯೇ ಟೀಚರ್ ಚಿನ್ಮಯೀಗೆ ಫೋನು ಮಾಡಿದರು. “ನಮ್ಮ ಶಾಲೆಯ ಲೆಕ್ಕ ಪೂರ್ತಿ ಸುಳ್ಳು ಡಾಕ್ಟ್ರೇ. ಹರಿದು ಬಿಸಾಡಿ. ಇನ್ನೊಮ್ಮೆ ಬನ್ನಿ.” “ಎಂಥ ಕೆಲಸ ಮಾಡಿದ್ರಿ ಟೀಚರ್” ಎಂದರು ಚಿನ್ಮಯೀ, ಆದರೂ ಬರಲು ಒಪ್ಪಿದರು. ಚಾವಡಿಯಲ್ಲಿ ಕುಳಿತು ಇದನ್ನೆಲ್ಲ ಕೇಳಿದ ತಿರುಮಲೇಶ್ವರರು ಆ ದಿನ ಬಳೆಯ ಸುದ್ದಿ ಎತ್ತಲಿಲ್ಲ.

ಶಿಫಾ ಶಾಲೆಗೆ ಬಂದ ಮೇಲೆಯೇ ಸಮೀಕ್ಷೆ ಆಗಬೇಕೆಂದು ಟೀಚರ್ ಹಟ ಹಿಡಿದಿದ್ದರು. ಅವಳು ಬಂದಳು, ದವಡೆಯ ಕೆಳಗೆ ಸಣ್ಣ ಪಟ್ಟಿ, ಬಾಯಲ್ಲಿ ಒಂದು ಹಲ್ಲು ಕಡಿಮೆ. ಜಗಲಿಯಲ್ಲಿ ಮತ್ತೆ ಕುರ್ಚಿ ಬಿತ್ತು. ಟೀಚರ್ ಕಿಟಕಿ ಮುಚ್ಚಿ ಚಿಲಕ ಹಾಕಿದರು. ಅದೂ ಸಾಲದೆಂದು ಅಂಗಳ ದಾಟಿ ಬಾವಿಕಟ್ಟೆಯ ಹತ್ತಿರ ಹೋಗಿ, ಶಾಲೆಗೆ ಬೆನ್ನು ಹಾಕಿ ಕುಳಿತರು. ಅಲ್ಲಿಗೆ ಮಾತು ಕೇಳಿಸುತ್ತಿರಲಿಲ್ಲ, ಮುಂದಿನ ಮಗುವಿನ ಹೆಸರು ಕೂಗುವುದು ಮಾತ್ರ ಕೇಳುತ್ತಿತ್ತು. ಮೊನ್ನೆ ಒಂದೇ ಉಸಿರಿಗೆ ಎದ್ದು ಬರುತ್ತಿದ್ದ ಮಕ್ಕಳು ಇಂದು ಒಬ್ಬೊಬ್ಬರೂ ಎಷ್ಟು ಹೊತ್ತು ಕೂರುತ್ತಿದ್ದಾರೆ! ಪ್ರತಿಯೊಂದು ನಿಮಿಷವೂ ಅವರ ಎದೆಗೆ ಚುಚ್ಚುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಹಳದಿ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಹೋಗಲಿ ಎಂದುಕೊಂಡರು, ಹೆದರಿಕೆ ಮಾತ್ರ ಹೋಗಲಿಲ್ಲ.

ಕೊನೆಯವಳು ಶಿಫಾ. ಮುಗಿಸಿ, ಅಂಗಳ ದಾಟಿ ಬಾವಿಕಟ್ಟೆಗೆ ಬಂದು ಎದುರು ನಿಂತಳು. ಹಿಂದಿನಿಂದ ಉಳಿದ ಮಕ್ಕಳೂ ಬಂದರು.

“ಟೀಚರ್, ನಾನು ಹೇಳಿದ್ದು ಸರಿ ಉತ್ತರವಾ?”

ಕೇಳುತ್ತಾ ಅವಳ ಕಣ್ಣು ಅಭ್ಯಾಸದಂತೆ ಕರಿಮಣಿಗೆ ಹೋಯಿತು, ಅಲ್ಲಿಂದ ಬಳೆಗೆ ಇಳಿಯಿತು. ಟೀಚರ್ ಎರಡೂ ಕೈಯನ್ನು ಸೆರಗಿನ ಅಡಿಗೆ ಸೇರಿಸಿಕೊಂಡರು.

“ಗೊತ್ತಿಲ್ಲ ಮಗಾ” ಎಂದರು.